ಕೈಗೆ ಕೊಟ್ಟಿದೆ

ನಾಲ್ಕನೆಯ ನೋಟೀಸಿಗೆ ಹೆಸರು ತುಂಬುವಾಗ ನನ್ನ ಕೈ ನಿಂತಿತು. ಅಷ್ಟು ಹೊತ್ತಿಗೆ ಬೇರೆಯವರು ಒಯ್ಯಬೇಕಾದ ಮೂರನ್ನು ಮುಗಿಸಿ, ಮಡಿಸಿ, ಫ್ಯಾನಿನ ಗಾಳಿಗೆ ಹಾರದಂತೆ ಮೇಲೆ ಗೋಂದಿನ ಡಬ್ಬಿ ಇಟ್ಟಿದ್ದೆ. ಬೆಳಗಿನ ಈ ಕೆಲಸ ನನಗೆ ಇಷ್ಟ. ಕಚೇರಿಯಲ್ಲಿ ಇನ್ನೂ ಯಾರೂ ಇರುವುದಿಲ್ಲ, ನೀರು ಚಿಮುಕಿಸಿ ಗುಡಿಸಿದ ನೆಲ ಆಗಷ್ಟೇ ಆರುತ್ತಿರುತ್ತದೆ. ಮೊದಲು ಹೆಸರು, ಆಮೇಲೆ ಮನೆ ಯಾವ ಮರದ ಕೆಳಗಿದೆ ಎಂಬುದು, ಕಡೆಗೆ ತಪ್ಪು. ತಪ್ಪನ್ನು ಬರೆಯುವಾಗ 'ಎನ್ನಲಾಗಿದೆ' ಎಂಬ ಮಾತನ್ನು ನಾನು ಎಂದೂ ಬಿಟ್ಟವಳಲ್ಲ. ಬೇರು ಕಡಿದಿದ್ದಾರೆ ಎನ್ನಲಾಗಿದೆ. ಕೊಳಚೆ ಬಿಟ್ಟಿದ್ದಾರೆ ಎನ್ನಲಾಗಿದೆ. ಆ ಒಂದು ಮಾತಿನಲ್ಲಿ ಎದುರಿನ ಮನುಷ್ಯ ಬಾಯಿ ತೆರೆಯುವಷ್ಟು ಜಾಗ ಇರುತ್ತದೆ.

ನಾಲ್ಕನೆಯ ಚೀಟಿಯಲ್ಲಿ ಇದ್ದದ್ದು ಇಷ್ಟು: ಭ್ರಮರಾಂಬ, ಬೇವಿನ ಮರದ ಮನೆ, ಮಂಡಕ್ಕಿ ಭಟ್ಟಿಗಳ ಓಣಿ. ಒಲೆಗೆ ಟೈರು ಹಾಕಿ ಉರಿಸಿದ್ದಾರೆ.

'ಎನ್ನಲಾಗಿದೆ' ಎಂದು ಸೇರಿಸಿದೆ. ಹೆಸರು ತುಂಬಿದೆ. ಅಕ್ಷರ ಸೊಟ್ಟಗಾಯಿತು. ಹರಿದು ಹಾಕಿ ಇನ್ನೊಂದು ಬರೆದೆ.

ನಮ್ಮದು ಬಿಸಿಲಿನ ಊರು. ಇಲ್ಲಿ ಹೊಗೆ ಬಿಟ್ಟವರಿಗೆ, ನೀರು ಕೆಡಿಸಿದವರಿಗೆ, ಮರಕ್ಕೆ ಕೇಡು ಮಾಡಿದವರಿಗೆ ವಿಧಿಸುವ ದಂಡವೆಂದರೆ ನೆರಳು. ಆದೇಶದ ಮೇಲೆ ಮೊಹರು ಬಿದ್ದ ಗಳಿಗೆಗೆ ಆ ಮನೆಯ ಮುಂದಿನ ಮರದ ನೆರಳು ಪಕ್ಕಕ್ಕೆ ಸರಿಯುತ್ತದೆ. ಮರ ಅಲ್ಲೇ ಇರುತ್ತದೆ, ಎಲೆ ಅಲ್ಲೇ ಅಲ್ಲಾಡುತ್ತಿರುತ್ತದೆ. ನೆರಳು ಮಾತ್ರ ಆ ಮನೆಯ ಸೂರನ್ನೂ ಅಂಗಳವನ್ನೂ ಬಿಟ್ಟು ಬೀದಿಯ ಮೇಲೆ ಬೀಳುತ್ತದೆ. ಜನ ಇದಕ್ಕೂ ಹೊಂದಿಕೊಂಡಿದ್ದಾರೆ. ಗೋಣಿಚೀಲ ತೋಯಿಸಿ ಸೂರಿಗೆ ಹೊದಿಸುತ್ತಾರೆ, ಮಧ್ಯಾಹ್ನಕ್ಕೆ ಪಕ್ಕದ ಮನೆಯ ಜಗಲಿಗೆ ಚಾಪೆ ಹಿಡಿದು ಹೋಗುತ್ತಾರೆ. ನೆರಳು ಹೋದ ಮನೆಯ ಅಂಗಳಕ್ಕೆ ಓಣಿಯ ಹೆಂಗಸರೆಲ್ಲ ಹಪ್ಪಳ, ಸಂಡಿಗೆ ತಂದು ಒಣಹಾಕುತ್ತಾರೆ. "ಬೇಜಾರು ಮಾಡ್ಕೋಬೇಡ್ರಿ, ಹೆಂಗೂ ಬಿಸಿಲು ಬಿದ್ದೈತಲ್ಲ" ಅನ್ನುತ್ತಾರೆ. ಆ ಮನೆಯವರು ಬೇಜಾರು ಮಾಡಿಕೊಳ್ಳುತ್ತಲೇ ಸಂಡಿಗೆಗೆ ಕಾಗೆ ಕಾಯುತ್ತಾರೆ.

ಆದರೆ ಮೊಹರು ಬೀಳುವ ಮೊದಲು ನೋಟೀಸು ಕೊಡಬೇಕು. ಕೈಯಿಂದ ಕೈಗೇ ಕೊಡಬೇಕು, ಸಹಿ ಪಡೆಯಬೇಕು. ಅಲ್ಲಿಂದ ಏಳು ದಿನ ನೋಟೀಸು ತಂದವಳು ಆ ಮನೆಯ ನೆರಳಿನಲ್ಲೇ ಕಾಗದ ಹಿಡಿದು ಕೂರಬೇಕು. ಅವರು ಹೇಳಿದ್ದನ್ನೆಲ್ಲ, ಹೇಳಿದ ಹಾಗೆಯೇ ಬರೆದುಕೊಳ್ಳಬೇಕು. ಏಳು ದಿನವೂ ಬಾಯಿ ಬಿಡದಿದ್ದರೆ ಒಪ್ಪಿಕೊಂಡ ಹಾಗೆ. ಬಾಯಿ ಬಿಟ್ಟರೆ ಸಾಹೇಬರು ಓದಿ ತೀರ್ಮಾನಿಸುತ್ತಾರೆ. ಮಾತು ಕೇಳದೆ ದಂಡ ಹಾಕಿದ್ದು ಎಂದಾದರೂ ಗೊತ್ತಾದರೆ ಹಾಗೆ ಹೋದ ನೆರಳನ್ನು ದಿನಕ್ಕೆ ದಿನ ವಾಪಸು ಕೊಡುತ್ತಾರೆ, ಮುಂದೆ ಅದೇ ಮನೆಗೆ ಬೀಳುವ ದಂಡದಲ್ಲಿ ಅಷ್ಟು ದಿನ ಬಿಡುತ್ತಾರೆ. ಗಾಣದ ಶಿವಲಿಂಗಪ್ಪನಿಗೆ ಹೀಗೆ ತೊಂಬತ್ತು ದಿನ ಸಿಕ್ಕಾಗ ಆತ ಮಾರನೆಯ ದಿನವೇ ತನ್ನ ಹಳೇ ಹಾಸಿಗೆಯನ್ನು ನಡುಬೀದಿಯಲ್ಲಿ ಸುಟ್ಟು, ಕೈಕಟ್ಟಿ ನಿಂತು ನನ್ನ ದಾರಿ ನೋಡುತ್ತಿದ್ದ.

ಹೀಗೆ ದಾರಿ ನೋಡುವವರು ಇನ್ನೂ ಇದ್ದಾರೆ. ನಿವೃತ್ತ ಹೆಡ್‌ಮಾಸ್ತರೊಬ್ಬರು ಪ್ರತಿ ಚಳಿಗಾಲಕ್ಕೆ ಒಂದು ಬುಟ್ಟಿ ತರಗೆಲೆ ಸುಡುತ್ತಾರೆ. ನಾನು ಹೋಗಿ ಕೂತರೆ ಎಲೆಯ ವಿಷಯ ಒಂದು ಸಾಲು, ಉಳಿದದ್ದು ತೀರಿಹೋದ ಹೆಂಡತಿಯ ವಿಷಯ. ಆಕೆಯ ಕಾಯಿಲೆ, ಆಕೆಯ ಹುಳಿ, ಆಕೆಯ ಸಿಟ್ಟು. ಎಲ್ಲವನ್ನೂ ಬರೆದುಕೊಂಡಿದ್ದೇನೆ. ನಡುವೆ ಕೆಮ್ಮಿದರೆ 'ಕೆಮ್ಮಿದರು' ಎಂದೂ ಬರೆಯುತ್ತೇನೆ. ಊರಿನಲ್ಲಿ ನನ್ನನ್ನು ನೋಟೀಸಮ್ಮ ಅನ್ನುತ್ತಾರೆ. ಇಂದುಮತಿ ಎಂಬ ಹೆಸರು ಸಂಬಳದ ಹಾಳೆಯಲ್ಲಿ ಉಳಿದಿದೆ. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡ ಹೋದ. ಆಮೇಲೆ ಈ ಕೆಲಸ. ಇಪ್ಪತ್ತೆರಡು ವರ್ಷದಿಂದ ಊರಿನ ಮನೆಮನೆಯ ಮಾತು ಕೇಳಿದ್ದೇನೆ, ಸಂಜೆ ಮನೆಗೆ ಬಂದರೆ ಅನ್ನ ಬೆಂದಿತೋ ಇಲ್ಲವೋ ಎಂದು ಕುಕ್ಕರಿನ ಹತ್ತಿರ ಮಾತಾಡುತ್ತೇನೆ.

ಭಟ್ಟಿಗಳ ಓಣಿಗೆ ಹೋಗದೆ ನನಗೆ ಅಷ್ಟೇ ವರ್ಷವಾಗಿತ್ತು. ಆ ಕಡೆಯ ನೋಟೀಸುಗಳು ಬಂದಾಗಲೆಲ್ಲ ಜೊತೆಯ ಕೆಲಸದವಳಿಗೆ ಕೊಟ್ಟು ಬದಲಿಗೆ ಅವಳ ಪಾಲಿನ ದೂರದ ಮನೆಗಳನ್ನು ತೆಗೆದುಕೊಳ್ಳುತ್ತಿದ್ದೆ. ಈ ಸಲ ಅವಳು ಮಗಳ ಬಾಣಂತನಕ್ಕೆ ರಜೆ ಹಾಕಿದ್ದಳು. ಹಾಗಂತ ನನಗೆ ನಾನೇ ಹೇಳಿಕೊಂಡೆ. ಸಾಹೇಬರನ್ನು ಕೇಳಿದ್ದರೆ ಬೇರೆ ಯಾರನ್ನಾದರೂ ಕಳಿಸುತ್ತಿದ್ದರು. ನಾನು ಕೇಳಲಿಲ್ಲ. ಬೀರುವಿನ ಕನ್ನಡಿಯ ಮುಂದೆ ನಿಂತು ಎರಡು ಸಲ ಸೆರಗು ಸರಿಮಾಡಿಕೊಂಡು ಹೊರಟೆ.

ಓಣಿ ತಿರುಗುವಾಗಲೇ ಬಿಸಿ ಮರಳಿನ ವಾಸನೆ ಬಂತು. ಕಾದ ಮರಳಿಗೆ ಉಪ್ಪುನೀರು ಕಲಸಿದ ಅಕ್ಕಿ ಬಿದ್ದು ಅರಳುವ ಸದ್ದು ಮನೆಮನೆಯಿಂದ. ಬೇವಿನ ಮರ ನಾನು ಕಂಡಾಗ ಇದ್ದದ್ದಕ್ಕಿಂತ ದಪ್ಪವಾಗಿತ್ತು, ಬೀದಿಯ ಕಡೆಯ ಒಂದು ಕೊಂಬೆ ಮಾತ್ರ ಅಂದಿನಂತೆಯೇ ಬೋಳು. ಅದರ ಕೆಳಗೆ ಒಬ್ಬ ಗಟ್ಟಿ ಹೆಂಗಸು ಜರಡಿ ಹಿಡಿದು ಮಂಡಕ್ಕಿಯಿಂದ ಮರಳು ಸೋಸುತ್ತಿದ್ದಳು. ಭಟ್ಟಿಯ ಕೆಲಸದ ದುರುಗವ್ವ. ನನ್ನ ಕೈಯ ಕಾಗದ ನೋಡಿ ಜರಡಿ ನಿಲ್ಲಿಸಿದಳು.

"ಯಜಮಾನೀ, ಬಾ ಇಲ್ಲಿ. ನಿನ್ನ ಹೆಸರಿಗೆ ಲಗ್ನಪತ್ರಿಕೆ ಬಂದೈತೆ."

ಒಳಗಿಂದ ಭ್ರಮರಾಂಬ ಬಂದಳು. ತಲೆಗೆ ಬಟ್ಟೆ ಕಟ್ಟಿದ್ದಳು, ಹುಬ್ಬಿನ ಮೇಲೆ ಹೊಟ್ಟಿನ ಧೂಳು. ಮುಂಗೈ ತುಂಬ ಮರಳು ಸಿಡಿದ ಸುಟ್ಟ ಕಲೆ. ಹೊಸಿಲ ಒಳಗೇ ನಿಂತಳು. ನಾನು ಗಂಟಲು ಸರಿಮಾಡಿಕೊಂಡು ಓದಿದೆ, ಎಲ್ಲರಿಗೂ ಓದುವ ಹಾಗೆಯೇ: "ಇಂದಿನಿಂದ ಏಳು ದಿನದೊಳಗೆ ನೀವು ನಿಮ್ಮ ಮಾತನ್ನು ಹೇಳಬಹುದು. ನೀವು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತೇನೆ. ನೀವು ಹೇಳದೆ ಇದ್ದದ್ದನ್ನು ಬರೆಯುವುದಿಲ್ಲ." ಅವಳನ್ನು 'ನೀವು' ಎಂದು ಕರೆದದ್ದು ಜೀವನದಲ್ಲಿ ಅದೇ ಮೊದಲು. ಒಂದೇ ಬೆಂಚಿನಲ್ಲಿ ಏಳು ವರ್ಷ ಓದಿದವರು ನಾವು, ಒಂದೇ ಗೋಡೆಯ ಆಚೆ ಈಚೆ ಬೆಳೆದವರು.

ಅವಳು ಕೈ ಚಾಚಿದಳು. ಕಾಗದ ತೆಗೆದುಕೊಂಡಳು. ನನ್ನ ಪೆನ್ನು ಬೇಡವೆಂದು ತಲೆಯಾಡಿಸಿ, ಒಳಗಿಂದ ತನ್ನದೇ ಪೆನ್ನು ತಂದು ಸಹಿ ಹಾಕಿದಳು. ಮೊದಲಿನ ದುಂಡನೆಯ ಸಹಿ ಅಲ್ಲ, ಗೆರೆ ಎಳೆದ ಹಾಗೆ ಏನೋ ಒಂದು. ಮಾತಿಲ್ಲದೆ ಒಳಗೆ ಹೋದಳು. ನಾನು ಬೇವಿನ ಬುಡದಲ್ಲಿ ಚಾಪೆ ಹಾಸಿ ಕೂತೆ.

ಆ ದುಂಡನೆಯ ಸಹಿಯ ವಿಷಯ ಹೇಳಿಬಿಡಬೇಕು. ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ನಾನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಆಗಲೂ ಬೇಸಿಗೆ. ಬೇವಿನ ಬುಡಕ್ಕೆ ಉಪ್ಪುನೀರು ಸುರಿದಿದ್ದಾರೆ, ಮರ ಒಂದು ಮಗ್ಗುಲು ಒಣಗುತ್ತಿದೆ ಎಂದು ದೂರು ಬಂದು ಭ್ರಮರಾಂಬಳ ಹೆಸರಿಗೆ ನೋಟೀಸಾಗಿತ್ತು. ನಾನು ಹೋದಾಗ ಅವಳು ಅಕ್ಕಿ ಮಾಡಿಸಲು ಗಿರಣಿಗೆ ಹೋಗಿದ್ದಳು. ಒಳಗೆ ಅವಳ ತಾಯಿ ಗೌರಜ್ಜಿ ಮಲಗಿದ್ದರು, ಸೊಂಟ ಮುರಿದು ಎರಡು ವರ್ಷವಾಗಿತ್ತು. ಚಪ್ಪಲಿ ಸದ್ದಿಗೆ "ಯಾರವ್ವಾ ಅದು?" ಅಂದರು. ನಾನು ಉತ್ತರ ಕೊಡಲಿಲ್ಲ. ಕೊಟ್ಟರೆ ಕೂರಿಸಿಕೊಳ್ಳುತ್ತಿದ್ದರು, ಮಂಡಕ್ಕಿ ಒಗ್ಗರಣೆ ತಿನ್ನುವವರೆಗೆ ಬಿಡುತ್ತಿರಲಿಲ್ಲ. ಅವತ್ತು ನಾಲ್ಕು ಗಂಟೆಗೆ ನನ್ನನ್ನು ನೋಡಲು ಒಬ್ಬರು ಬರುವವರಿದ್ದರು. ಹೆಂಡತಿ ಸತ್ತವರು, ಸಣ್ಣ ಮಗಳಿದ್ದವರು. ನಾನು ಮನೆಗೆ ಹೋಗಿ ಮುಖ ತೊಳೆದು, ಬಿಸಿಲಿಗೆ ಕಪ್ಪಾದದ್ದು ಕಾಣದ ಹಾಗೆ ಪೌಡರು ಹಚ್ಚಿಕೊಳ್ಳಬೇಕಿತ್ತು. ನೋಟೀಸನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿದೆ. ಮಾರನೆಯ ದಿನ ಹೇಗೂ ಬಂದು ಕೂರುತ್ತೇನಲ್ಲ ಅಂದುಕೊಂಡೆ. ರಿಜಿಸ್ಟರಿನಲ್ಲಿ 'ಕೈಗೆ ಕೊಟ್ಟಿದೆ' ಎಂದು ಬರೆದೆ. ಪಕ್ಕದಲ್ಲಿ ಅವಳ ಸಹಿಯನ್ನೂ ನಾನೇ ಹಾಕಿದೆ. ಶಾಲೆಯಲ್ಲಿ ಅವಳ ಎಷ್ಟೋ ಪುಸ್ತಕಗಳ ಮೇಲೆ ಅವಳ ಹೆಸರು ಬರೆದುಕೊಟ್ಟವಳು ನಾನೇ, ಕೈಗೆ ಅಭ್ಯಾಸವಿತ್ತು.

ಬಂದವರು ಅವಲಕ್ಕಿ ತಿಂದು ಹೋದರು. ತಿಳಿಸುತ್ತೇವೆ ಅಂದರು. ಆ ಏಳು ದಿನವೂ ನಾನು ಮನೆಯಲ್ಲೇ ಇದ್ದು ಹೇಳಿಕಳಿಸುವುದನ್ನು ಕಾದೆ. ಕಚೇರಿಗೆ ನಾನು ಬೇವಿನ ಬುಡದಲ್ಲಿ ಕೂತಿದ್ದೇನೆ ಎಂಬ ಲೆಕ್ಕ, ನನಗೆ ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂಬ ಲೆಕ್ಕ. ಯಾರೂ ಬರಲಿಲ್ಲ. ಚಿಲಕದ ಕಾಗದ ಗಾಳಿಗೆ ಬಿದ್ದು ಹೊಟ್ಟಿನ ರಾಶಿಗೆ ಸೇರಿ ಒಲೆಗೆ ಹೋಗಿರಬೇಕು. ಎಂಟನೆಯ ದಿನ ಮೊಹರು ಬಿತ್ತು. ತೊಂಬತ್ತು ದಿನ.

ಭ್ರಮರಾಂಬ ಓಡಿಬಂದಳು. "ನಮಗೆ ನೋಟೀಸೇ ಬಂದಿಲ್ಲ ಸ್ವಾಮಿ" ಅಂದಳು. ಆಗಿನ ಸಾಹೇಬರು ರಿಜಿಸ್ಟರು ತಿರುಗಿಸಿ, "ಇದು ನಿಮ್ಮ ಸಹಿ ಅಲ್ಲವೇನಮ್ಮ?" ಎಂದು ಕೇಳಿದರು. ಅವಳು ಆ ಸಹಿಯನ್ನು ನೋಡಿದಳು. ಬೀರುವಿನ ಪಕ್ಕ ನಿಂತಿದ್ದ ನನ್ನನ್ನು ನೋಡಿದಳು. ಸುಳ್ಳು ಬರೆದವಳಿಗೆ ಕೆಲಸ ಇರುವುದಿಲ್ಲ, ಅಷ್ಟೇ ದಿನದ ನೆರಳೂ ಹೋಗುತ್ತದೆ ಎಂಬುದು ಊರಿಗೇ ಗೊತ್ತು. ಅತ್ತೆಯ ಮನೆಯವರು ನನ್ನನ್ನು ಹೊರಗೆ ಹಾಕಿದ್ದೂ ಅವಳಿಗೆ ಗೊತ್ತು.

"ಹೌದು, ನಂದೇ. ಮರೆತಿದ್ದೆ" ಅಂದಳು. ತಿರುಗಿ ನೋಡದೆ ಹೋದಳು.

ಗೌರಜ್ಜಿಯ ಮಂಚ ಬೇವಿನ ನೆರಳು ಬೀಳುವ ಮುಂದಿನ ಕೋಣೆಯಲ್ಲಿ ಇರುತ್ತಿತ್ತು, ಆ ಬೇಸಿಗೆಯಲ್ಲಿ ಅದನ್ನು ಭಟ್ಟಿಯ ಗೋಡೆಗೆ ತಾಗಿದ ಒಳಕೋಣೆಗೆ ಎಳೆದರು. ಐವತ್ತಮೂರನೆಯ ದಿನ ಅವರು ಹೋದರು. ಸುದ್ದಿ ಕೇಳಿ ಓಡಿದೆ. ಜಗಲಿಯ ಮೇಲೆ ಕೂತಿದ್ದ ಭ್ರಮರಾಂಬ ನನ್ನನ್ನು ಕಂಡು ಗೋಡೆಯ ಕಡೆ ಮುಖ ತಿರುಗಿಸಿದಳು. ಬೈದಿದ್ದರೆ ಚೆನ್ನಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಸಂತೆಯಲ್ಲಿ, ಮದುವೆ ಮನೆಯಲ್ಲಿ, ನಲ್ಲಿಯ ಹತ್ತಿರ ಎದುರಾದಾಗಲೆಲ್ಲ ಆ ಗೋಡೆಯನ್ನು ಅವಳು ಜೊತೆಗೇ ಇಟ್ಟುಕೊಂಡು ಓಡಾಡಿದಳು. ಈ ಊರಿನಲ್ಲಿ ಎಷ್ಟು ಜನ ನನ್ನ ಮುಂದೆ ಅತ್ತಿದ್ದಾರೆ! ನನಗೆ ಬೇಕಾಗಿದ್ದ ಒಂದು ದನಿ ಮಾತ್ರ ನನ್ನ ಕಾಗದದ ಮೇಲೆ ಬರಲೇ ಇಲ್ಲ.

ಈಗ ಏಳು ದಿನ ಸಿಕ್ಕಿತ್ತು. ಅವಳು ಮಾತಾಡಿದರೆ ನನ್ನ ಎದುರೇ ಮಾತಾಡಬೇಕು. ಮಾತಾಡದಿದ್ದರೆ ಮತ್ತೆ ತೊಂಬತ್ತು ದಿನ ಆ ಮನೆಗೆ ನೆರಳಿಲ್ಲ. ಹೊಗೆಗೂ ಬೇರಿಗೂ ಒಂದೇ ದಂಡ. ಚೈತ್ರದ ಬಿಸಿಲಲ್ಲಿ ನೆರಳಿಲ್ಲದ ಭಟ್ಟಿ ಹೊತ್ತಿಸುವಂತಿಲ್ಲ. ಹೋದ ವರ್ಷವೇ ಒಲೆಯ ಮುಂದೆ ಎರಡು ಸಲ ಕಣ್ಣುಕತ್ತಲೆ ಬಂದು ಬಿದ್ದಿದ್ದಳಂತೆ, ದುರುಗವ್ವ ಹೇಳಿದಳು.

ಮೊದಲ ದಿನ ಹೋಯಿತು. ಎರಡನೆಯ ದಿನ, ಮೂರನೆಯ ದಿನ. ಭ್ರಮರಾಂಬ ನನ್ನ ಪಕ್ಕದಲ್ಲೇ ಹಾದು ಹೊಟ್ಟು ತುಂಬಿಕೊಂಡು ಹೋಗುತ್ತಿದ್ದಳು. ಅವಳ ಸೀರೆ ನನ್ನ ಚಾಪೆಯ ಅಂಚಿಗೆ ತಾಗುತ್ತಿತ್ತು. ಅಷ್ಟಕ್ಕೇ ನನಗೆ ಒಂದು ಥರ ಸಮಾಧಾನ. ಒಲೆ ಉರಿಸುವಾಗ ಅವಳು ಎಡಗಾಲಿನ ಮೇಲೆ ಭಾರ ಹಾಕಿ ನಿಲ್ಲುವುದು, ಬಾಯಲ್ಲಿ ಸೆರಗಿನ ತುದಿ ಕಚ್ಚಿಕೊಳ್ಳುವುದು, ಎಲ್ಲ ಹಾಗೇ ಇತ್ತು. ಕೂದಲು ಮಾತ್ರ ಬಿಳಿಯಾಗಿತ್ತು. ಗಂಡ ಸತ್ತ ಹೊಸತರಲ್ಲಿ ನನಗೆ ದಿನಾ ಸಂಜೆ ತಲೆ ಬಾಚುತ್ತಿದ್ದವಳು ಅವಳು. ಈಗ ಅವಳ ತಲೆ ಯಾರು ಬಾಚುತ್ತಾರೋ ಎಂದು ನೋಡುತ್ತ ಕೂರುತ್ತಿದ್ದೆ. ಯಾರೂ ಇರಲಿಲ್ಲ. ಅವಳು ಮದುವೆಯಾಗಲಿಲ್ಲ, ಭಟ್ಟಿ ನಡೆಸಿದಳು.

ದುರುಗವ್ವನೇ ಮಾತಿಗೆ ಸಿಗುತ್ತಿದ್ದಳು.

"ನೋಟೀಸಮ್ಮಾರೆ, ಆಕೆ ಬದಲು ನಾ ಹೇಳಿದ್ರೆ ನಡೀತೈತೇನು? ಟೈರು ಸುಟ್ಟಿದ್ದು ನಾನೇ ಅಂತ ಬರ್ಕೊಳ್ಳಿ. ನಮ್ಮ ಮನೆ ಮುಂದೆ ಮರಾನೇ ಇಲ್ಲ, ಏನ್ ಕಿತ್ಕೊಳ್ತೀರಿ?"

"ನೋಟೀಸು ಯಾರ ಹೆಸರಿಗೋ ಅವರೇ ಹೇಳಬೇಕು."

"ಆಕೆ ಹೇಳಂಗಿಲ್ಲ. ನಮಗೇ ದಿನಕ್ಕೆ ನಾಲ್ಕು ಮಾತು ಆಡಿದ್ರೆ ಹೆಚ್ಚು. ಅದ್ರಲ್ಲಿ ಮೂರು ಬೈಗುಳ."

"ಬಯ್ದರೂ ಬರೆದುಕೊಳ್ಳುತ್ತೇನೆ" ಎಂದೆ. ಒಳಗೆ ಮರಳು ತಿರುವುತ್ತಿದ್ದ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಆರನೆಯ ದಿನ ಸಂಜೆ ಕಚೇರಿಗೆ ಹೋದಾಗ ಸಾಹೇಬರು ಪಂಚಾಕ್ಷರಯ್ಯನವರು ನನ್ನ ಕೈಯ ಖಾಲಿ ಕಾಗದ ನೋಡಿ, "ಮೌನವೋ?" ಎಂದರು. ಹೌದೆಂದೆ. "ನಾಳೆ ಒಂದು ದಿನ ನೋಡಿ. ನಾಡಿದ್ದು ಹತ್ತು ಗಂಟೆಗೆ ಮೊಹರು ಹಾಕಿಬಿಡೋಣ. ಟೈರು ಸುಟ್ಟವರ ಮೇಲೆ ನನಗೆ ಕನಿಕರ ಇಲ್ಲಮ್ಮ." ಕೆಟ್ಟ ಮನುಷ್ಯ ಅಲ್ಲ. ಆ ಹೊಗೆಗೆ ಓಣಿಯ ಕೂಸುಗಳು ಕೆಮ್ಮಿದ್ದನ್ನು ಅವರೂ ಕೇಳಿದ್ದರು. ಹೊಸದಾಗಿ ಸೇರುವ ಹುಡುಗಿಯರಿಗೆ ಬರೆಯುವ ಕ್ರಮ ಕಲಿಸಲು ನನ್ನನ್ನೇ ನೇಮಿಸುವುದಾಗಿಯೂ ಹೇಳಿದರು. "ನಿಮ್ಮಷ್ಟು ಚೊಕ್ಕವಾಗಿ ಯಾರು ಬರೀತಾರೆ!"

ಏಳನೆಯ ದಿನ ಮಧ್ಯಾಹ್ನದವರೆಗೂ ಏನೂ ಆಗಲಿಲ್ಲ. ದುರುಗವ್ವ ಜರಡಿಯನ್ನು ಧಡ್ಡನೆ ಕೆಳಗಿಟ್ಟಳು.

"ಯಜಮಾನೀ, ಬಾಯಿ ಬಿಡವ್ವ. ನಾಳೆಯಿಂದ ನಿನ್ನ ಜೊತಿ ನಾನೂ ಬಿಸಿಲಾಗೆ ಹುರಿಯಬೇಕು. ನಾನೇನು ಮಂಡಕ್ಕಿನಾ, ಅರಳಾಕೆ?"

ಭ್ರಮರಾಂಬ ಒಲೆಯಿಂದ ಕೊಳ್ಳಿ ಹಿಂದಕ್ಕೆ ಎಳೆದಳು. ಕೈ ತೊಳೆದಳು. "ನೀ ಮನೆಗೆ ಹೋಗಿ ಉಂಡು ಬಾ" ಎಂದು ದುರುಗವ್ವನನ್ನು ಕಳಿಸಿದಳು. ಆಮೇಲೆ ಬಂದು ಚಾಪೆಯ ಮೇಲಲ್ಲ, ಎದುರಿಗೆ ಬರಿ ನೆಲದ ಮೇಲೆ ಕೂತಳು.

"ಬರಿ" ಅಂದಳು.

ಒರಟು ದನಿ. ಹೊಗೆ ಕುಡಿದು ಒರಟಾದದ್ದು. ಕಾಗದದ ಕೆಳಗೆ ರಟ್ಟು ಸರಿಮಾಡಿಕೊಂಡೆ.

"ಟೈರು ಸುಟ್ಟಿದ್ದು ನಿಜ. ಎರಡು. ಅಕಾಲದ ಮಳೆ ಬಂದು ಹೊಟ್ಟು ತೊಯ್ದಿತ್ತು, ಕಲಸಿಟ್ಟ ಅಕ್ಕಿ ಕೆಡ್ತಿತ್ತು. ಸುಟ್ಟೆ. ತಪ್ಪು." ನನ್ನ ಮುಖ ನೋಡಿದಳು. "ನಿನ್ನ ಕರೆಸ್ಕೊಳ್ಳೋಕೆ ಸುಟ್ಟೆ ಅಂತ ಅಂದ್ಕೊಂಡು ಕೂತಿದ್ದೀಯಾ, ಆ ಹೆಡ್‌ಮಾಸ್ತರ್ ಥರ? ಅಲ್ಲ. ಅದನ್ನೂ ಬರಿ."

ಅದನ್ನೂ ಬರೆದೆ. ಹಾಗಂದುಕೊಂಡಿದ್ದೆ, ಸುಳ್ಳೇಕೆ.

"ಈ ನೋಟೀಸಿಗೆ ನನ್ನದು ಇಷ್ಟೇ. ಇನ್ನೊಂದು ನೋಟೀಸಿಗೆ ಹೇಳೋದು ಉಳಿದೈತೆ. ಬರೀತೀಯಾ?"

ಹೇಳಿದ್ದನ್ನೆಲ್ಲ ಬರೆಯುವುದು ನನ್ನ ಕೆಲಸ ಎಂದೆ.

ಅವಳು ನೆಲ ನೋಡುತ್ತ ಹೇಳಿದಳು. ಇಪ್ಪತ್ತೆರಡು ವರ್ಷದ ಹಿಂದೆ ಬೇವಿನ ಬುಡಕ್ಕೆ ಉಪ್ಪುನೀರು ಸುರಿದದ್ದು ತಾವಲ್ಲ, ಪಕ್ಕದ ಭಟ್ಟಿಯವರು. ಅವರ ಉಪ್ಪುನೀರಿನ ಬಾನಿ ಒಡೆದು ನೀರೆಲ್ಲ ಈ ಕಡೆ ಹರಿದಿತ್ತು. ಅವರ ಮನೆಯವರೇ ಬಂದು ಬೇವಿಗೆ ಸಿಹಿನೀರು ಹೊಯ್ದು ಹೋಗಿದ್ದರು, ಕೇಳಿದ್ದರೆ ಅವರೇ ಸಾಕ್ಷಿ ಹೇಳುತ್ತಿದ್ದರು. ಕೇಳಲಿಲ್ಲ. ಆಮೇಲೆ ತಾಯಿಯ ವಿಷಯ. ಒಳಕೋಣೆಯಲ್ಲಿ ಮೊದಲ ವಾರ ಅವರು ಬೆವರುತ್ತ, "ಮರ ಎಲ್ಲಿಗೆ ಹೋತೇ?" ಎಂದು ಕೇಳುತ್ತಿದ್ದರು. ಇಲ್ಲೇ ಐತೆ ಅಂದರೆ ನಂಬುತ್ತಿರಲಿಲ್ಲ. ಒಂದು ದಿನ ಒಂದು ಗೊಂಚಲು ಬೇವಿನ ಎಲೆ ಕಿತ್ತು ತಂದು ಕೈಗೆ ಕೊಟ್ಟಳಂತೆ. ಅವರು ಅದನ್ನು ಎದೆಯ ಮೇಲೆ ಇಟ್ಟುಕೊಂಡು, ಹಾಗಾದರೆ ನೆರಳು ಯಾಕೆ ಬರುವುದಿಲ್ಲ ಎಂದು ಕೇಳಿದರಂತೆ.

ಅವಳು ಅಳಲಿಲ್ಲ. ನಾನು ಅತ್ತರೆ ಅಕ್ಷರ ಕದಡುತ್ತದೆ ಎಂದು ಹಲ್ಲು ಕಚ್ಚಿ ಬರೆದೆ.

"ನೋಟೀಸು ಬಂದ ದಿನ ನಾನು ಗಿರಣೀಲಿದ್ದೆ. ಅವ್ವ ಚಪ್ಪಲಿ ಸದ್ದು ಕೇಳಿದ್ಲು. ಯಾರು ಅಂತ ಗುರುತಾಗಿತ್ತು ಆಕೆಗೆ. ಸಾಯೋವರೆಗೂ ಕೇಳ್ತಿದ್ಲು, ಆ ಹುಡುಗಿ ಯಾಕೆ ಮಾತಾಡದೆ ಹೋದ್ಲು, ಏನಾರ ಕಷ್ಟ ಇತ್ತೇನೋ ವಿಚಾರ್ಸು ಅಂತ." ಉಸಿರು ಎಳೆದುಕೊಂಡಳು. "ನಾನು ನೋಟೀಸು ತಗೊಂಡಿಲ್ಲ. ಆ ಸಹಿ ನಂದಲ್ಲ."

ನನ್ನ ಪೆನ್ನು ಕಾಗದದಿಂದ ಮೇಲೆದ್ದಿತು. ಅವಳು ಕೈ ಚಾಚಿ, ಸುಟ್ಟ ಕಲೆಗಳ ಆ ಕೈಯನ್ನು ಕಾಗದದ ಮೇಲೆ ಅಡ್ಡ ಇಟ್ಟಳು.

"ಇದನ್ನ ಬರೀಬೇಡ, ಇಂದೂ."

ನನ್ನ ತಾಯಿ ಹೋದ ಮೇಲೆ ಆ ಹೆಸರಿನಿಂದ ಕರೆಯುವವಳು ಒಬ್ಬಳೇ ಉಳಿದಿದ್ದಳು. ಅವಳೂ ಕರೆಯದೆ ಹೋದ ಮೇಲೆ ಹಾಗೊಂದು ಹೆಸರು ನನಗಿತ್ತೆಂಬುದೇ ಮರೆತಹಾಗಿತ್ತು. ಪೆನ್ನಿಗೆ ಮುಚ್ಚಳ ಹಾಕಿದೆ.

"ಈ ಬೇಸಿಗೆ ಹೆಂಗೋ ಕಳೀತೀನಿ" ಅಂದಳು ಅವಳು, ಏಳುತ್ತ. "ತೊಂಬತ್ತು ದಿನ ಏನು ದೊಡ್ಡದಲ್ಲ. ಭಟ್ಟಿ ಕೆಲಸದ ಹೆಂಗಸರಿಗೆ ಬೇರೆ ಕಡೆ ಕೆಲಸ ಹುಡುಕಿಕೊಡ್ಬೇಕು, ಅಷ್ಟೇ." ಮಂಡಿ ಹಿಡಿದುಕೊಂಡು ಎದ್ದಳು, ಗೋಡೆಗೆ ಕೈ ಊರಿ ಒಂದು ಕ್ಷಣ ಕಣ್ಣು ಮುಚ್ಚಿ ನಿಂತಳು. ಒಳಗೆ ಹೋದಳು. ಮರಳಿನ ಸದ್ದು ಮತ್ತೆ ಶುರುವಾಯಿತು.

ಇವತ್ತು ಎಂಟನೆಯ ದಿನ. ಬೆಳಕು ಹರಿಯುವಾಗಲೇ ಎದ್ದು ಶುದ್ಧಪ್ರತಿ ಬರೆಯಲು ಕೂತೆ. ಟೈರಿನ ಮಾತು ಬರೆದೆ. ಕರೆಸಿಕೊಳ್ಳಲು ಸುಟ್ಟದ್ದಲ್ಲ ಎಂಬುದನ್ನು ಬರೆದೆ. ಬಾನಿ ಒಡೆದದ್ದು, ಬೇವಿನ ಎಲೆ, ಗಿರಣಿ. ಚಪ್ಪಲಿಯ ಸದ್ದಿನ ಸಾಲಿಗೆ ಬಂದು ನಿಂತೆ.

ಇಲ್ಲಿಗೆ ನಿಲ್ಲಿಸಿದರೆ ಸಾಹೇಬರು ಓದುತ್ತಾರೆ, ಟೈರು ಸುಟ್ಟದ್ದನ್ನು ಒಪ್ಪಿಕೊಂಡಿದ್ದಾಳೆ ಎನ್ನುತ್ತಾರೆ, ಹಳೆಯ ಕಥೆಗೂ ಇದಕ್ಕೂ ಸಂಬಂಧವಿಲ್ಲ ಎನ್ನುತ್ತಾರೆ. ಮೊಹರು ಬೀಳುತ್ತದೆ. ನಾನು ಮುಂದಿನ ತಿಂಗಳಿನಿಂದ ಹೊಸ ಹುಡುಗಿಯರಿಗೆ ಪಾಠ ಹೇಳುತ್ತೇನೆ. ಬರೀಬೇಡ ಎಂದು ಅವಳೇ ಹೇಳಿದ್ದಾಳಲ್ಲ. ಇಪ್ಪತ್ತೆರಡು ವರ್ಷದ ಮೇಲೆ ಅವಳು ನನಗೆ ಕೊಟ್ಟದ್ದು ಅದೊಂದೇ. ಅದನ್ನು ಪಡೆದುಕೊಂಡು ಸುಮ್ಮನಿದ್ದರೆ ಮಳೆಗಾಲದ ಹೊತ್ತಿಗೆ ಆ ಓಣಿಗೆ ಹೋಗಿ ಬರಬಹುದೇನೋ, ಜಗಲಿಯಲ್ಲಿ ಕೂರಬಹುದೇನೋ. ಆಸೆ ಎಂಬುದು ನನಗೇನು ಕಡಿಮೆ ಇಲ್ಲ.

ಆ ಎರಡು ವಾಕ್ಯ ಬರೆದರೆ ರಿಜಿಸ್ಟರು ತೆರೆಯುತ್ತಾರೆ. ಎರಡು ಸಹಿ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಮಾತು ಕೇಳದೆ ಕಿತ್ತುಕೊಂಡ ತೊಂಬತ್ತು ದಿನ ಆ ಮನೆಗೆ ವಾಪಸು ಬರುತ್ತದೆ, ಟೈರಿನ ದಂಡವನ್ನು ಗೌರಜ್ಜಿ ಆಗಲೇ ಅನುಭವಿಸಿದ ಹಾಗಾಗುತ್ತದೆ. ನನ್ನ ಮೊಂಡುತನದ ಮೇಲೆ ಭ್ರಮರಾಂಬ ಉರಿದುಬೀಳುತ್ತಾಳೆ. ಮತ್ತೆ ಗೋಡೆಯ ಕಡೆ ತಿರುಗಿದರೂ ತಿರುಗಿಯಾಳು. ನನ್ನ ಮನೆಯ ನೆರಳೂ ತೊಂಬತ್ತು ದಿನ ಹೋಗುತ್ತದೆ. ಯಾರ ಹೊಸಿಲಿಗೂ ಕಾಗದ ಹಿಡಿದು ಹೋಗುವ ಹಕ್ಕು ನನಗೆ ಇರುವುದಿಲ್ಲ, ಅವಳ ಹೊಸಿಲಿಗೂ.

ಚಪ್ಪಲಿಯ ಸದ್ದಿನ ಸಾಲಿನ ಕೆಳಗೆ ಬರೆದೆ: 'ನಾನು ನೋಟೀಸು ತಗೊಂಡಿಲ್ಲ. ಆ ಸಹಿ ನಂದಲ್ಲ.' ಆಮೇಲೆ ಅವಳು ಹೇಳಿದ್ದನ್ನೂ ಬರೆಯಬೇಕಲ್ಲ, ಅದನ್ನೂ ಬರೆದೆ: 'ಇದನ್ನ ಬರೀಬೇಡ, ಇಂದೂ.' ಕೊನೆಯ ಆ ಎರಡಕ್ಷರಕ್ಕೆ ಬಂದಾಗ ನಿಧಾನ ಮಾಡಿದೆ. ಸರ್ಕಾರಿ ಕಾಗದದ ಮೇಲೆ ಅದು ಇರಲಿ. ಯಾವ ಬೀರುವಿನಲ್ಲಾದರೂ ಧೂಳು ತಿನ್ನಲಿ, ಒಬ್ಬಳು ನನ್ನನ್ನು ಹೀಗೆ ಕರೆದಿದ್ದಳು ಎಂಬುದು ಇರಲಿ.

ಕಾಗದಗಳನ್ನು ಚೀಲದಲ್ಲಿಟ್ಟು ಬಾಗಿಲು ಹಾಕಿದೆ. ನನ್ನ ಮನೆಯ ಮುಂದೆ ಹೊಂಗೆ ಮರವಿದೆ. ಒಂಬತ್ತರ ಬಿಸಿಲು ಬೀದಿಯಲ್ಲಿ ಆಗಲೇ ಹತ್ತಿ ಉರಿಯುತ್ತಿತ್ತು, ಮೆಟ್ಟಿಲ ಮೇಲೆ ಮಾತ್ರ ನೆರಳು ತಣ್ಣಗೆ ಬಿದ್ದಿತ್ತು. ಕಚೇರಿಗೆ ಹೊತ್ತಾಗಿದ್ದರೂ ಅಲ್ಲಿ ಕೂತೆ. ಎದುರುಮನೆಯಾಕೆ ಹಪ್ಪಳದ ಹಿಟ್ಟು ನಾದುತ್ತ ತಲೆಯೆತ್ತಿ, "ಏನ್ ನೋಟೀಸಮ್ಮಾರೆ, ಇವತ್ತು ರಜೆಯೇ?" ಎಂದು ಕೇಳಿದಳು.

"ಇಲ್ಲಮ್ಮ, ಹೊರಟೆ. ಒಂದು ಗಳಿಗೆ ಕೂತು ಹೋಗೋಣ ಅಂತ" ಎಂದೆ.